ಮನೆವಾರ್ತೆಯ ಲೆಕ್ಕ ಕೇಳುವವರು ಯಾರು?

ಕ್ರೈಸ್ತ ಸಭೆಗಳಲ್ಲಿ ವರ್ಷಕ್ಕೆ ಒಂದೆರಡು ಸಲವಾದರೂ 'ಕೊಡುವಿಕೆ' ಕುರಿತು ಪ್ರಸಂಗ ಆಗುತ್ತದೆ. ಸುಗ್ಗಿ ಹಬ್ಬ ಹತ್ತಿರ ಬಂದಾಗ, ಚರ್ಚಿನ ಮಾಡು ಸೋರುವಾಗ, ಮೇಲಿನ ಆಫೀಸಿಗೆ ಕಟ್ಟಬೇಕಾದ ಪಾಲು ಬಾಕಿ ಬಿದ್ದಾಗ. ಹರಿಕಥೆಯನ್ನೂ ಪುರಾಣವನ್ನೂ ಮಠದ ಪ್ರವಚನವನ್ನೂ ವಿಮರ್ಶೆಯ ಕಣ್ಣಿಂದ ನೋಡಿದ ನಾವು ಈ ಪ್ರಸಂಗವನ್ನು ಮಾತ್ರ 'ಅದು ಅವರ ಮನೆ ವಿಷಯ' ಅಂತ ಬಿಟ್ಟುಬಿಟ್ಟಿದ್ದೇವೆ. ಬಿಡಕೂಡದು. ಆ ಬೆಂಚುಗಳ ಮೇಲೆ ಕೂತು ಕೇಳುತ್ತಿರುವವರು ಯಾರು? ಕೋಲಾರ, ಕೊಳ್ಳೇಗಾಲ, ಬೀದರ ಕಡೆಯ ನಮ್ಮದೇ ಕೇರಿಗಳಿಂದ ಹೋದ ಅಣ್ಣತಮ್ಮಂದಿರು, ಅಕ್ಕತಂಗಿಯರು. ಭಾರತದ 1 ಕೋಟಿ 90 ಲಕ್ಷ ಕಥೋಲಿಕರಲ್ಲಿ 1 ಕೋಟಿ 20 ಲಕ್ಷ ಮಂದಿ ದಲಿತರು ಎಂದು ಕಥೋಲಿಕ ಬಿಷಪ್ಪರ ಮಂಡಳಿಯೇ 2016ರಲ್ಲಿ ಒಪ್ಪಿಕೊಂಡಿತು. ಅಂದಮೇಲೆ ಕಾಣಿಕೆ ಚೀಲಕ್ಕೆ ಬೀಳುವ ಕಾಸಿನಲ್ಲಿ ಕೂಲಿಯ ಬೆವರು ಎಷ್ಟಿದೆ ಎಂಬುದನ್ನು ಬೇರೆ ಹೇಳಬೇಕೆ?

ಈ ಪ್ರಸಂಗಕ್ಕೆ ಒಂದು ಖಾಯಂ ನಾಯಕಿ ಇದ್ದಾಳೆ. ಎರಡು ಕಾಸು ಹಾಕಿದ ಬಡ ವಿಧವೆ. ಮಾರ್ಕನ ಸುವಾರ್ತೆಯ 12ನೆಯ ಅಧ್ಯಾಯದಲ್ಲಿ ಬರುತ್ತಾಳೆ. ಆ ಎರಡು ಕಾಸು ಅಂದಿನ ಒಂದು ದಿನದ ಕೂಲಿಯಲ್ಲಿ ಅರವತ್ತನಾಲ್ಕನೆಯ ಒಂದು ಪಾಲು. ಅಷ್ಟೇ ಅವಳ ಬದುಕು. ಅದನ್ನೂ ಹಾಕಿ ಬರಿಗೈಯಲ್ಲಿ ಹೋದಳು. 'ನೋಡಿ, ಆಕೆಯೇ ಕೊಟ್ಟಿರುವಾಗ ನಿಮಗೇನು ಧಾಡಿ?' ಎಂಬಲ್ಲಿಗೆ ಪ್ರಸಂಗ ಮುಗಿಯುತ್ತದೆ. ಆದರೆ ಅದೇ ಅಧ್ಯಾಯದಲ್ಲಿ ಸ್ವಲ್ಪ ಮೇಲಕ್ಕೆ ಕಣ್ಣು ಹಾಯಿಸಿ. ಉದ್ದ ಅಂಗಿ ತೊಟ್ಟು, ಸಂತೆಯಲ್ಲಿ ನಮಸ್ಕಾರ ಬಯಸುತ್ತಾ, ವಿಧವೆಯರ ಮನೆ ನುಂಗುವ ಶಾಸ್ತ್ರಿಗಳನ್ನು ಯೇಸು ಉಗಿದು ಉಪ್ಪಿನಕಾಯಿ ಹಾಕಿದ ಮಾತು ಅಲ್ಲಿದೆ. ಅದಾದ ತಕ್ಷಣವೇ ಈ ವಿಧವೆ ಬರುತ್ತಾಳೆ. ಅವಳು ಹೋದ ಮೇಲೆ, ದೇವಾಲಯದ ದೊಡ್ಡ ದೊಡ್ಡ ಕಲ್ಲುಗಳನ್ನು ನೋಡಿ ಬೆರಗಾದ ಶಿಷ್ಯನಿಗೆ ಯೇಸು ಹೇಳುವುದು ಒಂದೇ: ಇಲ್ಲಿ ಕಲ್ಲಿನ ಮೇಲೆ ಕಲ್ಲು ಉಳಿಯುವುದಿಲ್ಲ. ಕ್ರಿ.ಶ. 70ರಲ್ಲಿ ರೋಮನ್ನರು ಅದನ್ನು ಕೆಡವಿಯೂ ಹಾಕಿದರು. ಮನೆ ನುಂಗುವವರು, ಮನೆ ಕಳಕೊಂಡವಳು, ಕೆಡವಿಬೀಳುವ ಮಂದಿರ: ಮೂರನ್ನೂ ಒಟ್ಟಿಗೆ ಓದಿದರೆ ಇದು ಹೊಗಳಿಕೆಯೋ ಅಳಲೋ? ಅಡಿಸನ್ ರೈಟ್ ಎಂಬ ಬೈಬಲ್ ವಿದ್ವಾಂಸರು 1982ರಲ್ಲಿ ಇದೇ ಪ್ರಶ್ನೆ ಎತ್ತಿ, ಇದು ಅಳಲೇ ಎಂದು ವಾದಿಸಿದರು. 'ನೀವೂ ಹೀಗೆ ಮಾಡಿ' ಎಂಬ ಮಾತು ಆ ಕಥೆಯಲ್ಲಿ ಎಲ್ಲೂ ಇಲ್ಲ. ಲೂಕನ ಸುವಾರ್ತೆಯಲ್ಲಂತೂ ಶಾಸ್ತ್ರಿಗಳು ಒಂದು ಅಧ್ಯಾಯದ ಕೊನೆಗೆ, ವಿಧವೆ ಮುಂದಿನ ಅಧ್ಯಾಯದ ಮೊದಲಿಗೆ. ಈ ಅಧ್ಯಾಯಗಳನ್ನು ಕತ್ತರಿಸಿದ್ದು 13ನೆಯ ಶತಮಾನದಲ್ಲಿ. ಕತ್ತರಿ ಎಲ್ಲಿ ಬಿತ್ತು ನೋಡಿ!

ದಶಮಾಂಶದ ಕಥೆಯೂ ಇಷ್ಟೇ. ಮಲಾಕಿಯನ ಗ್ರಂಥದ 3ನೆಯ ಅಧ್ಯಾಯ ತೆಗೆದು, ಹತ್ತರಲ್ಲಿ ಒಂದು ಪಾಲು ಕೊಡದವನು ದೇವರನ್ನೇ ಕದ್ದವನು ಎಂದು ಹೆದರಿಸುತ್ತಾರೆ. ಅದೇ ಅಧ್ಯಾಯದ 5ನೆಯ ವಚನ ಓದುವುದಿಲ್ಲ. ಅಲ್ಲಿ ದೇವರು, ಕೂಲಿಯವನ ಕೂಲಿ ಹಿಡಿದವರ ಮೇಲೆ, ವಿಧವೆಯನ್ನೂ ಅನಾಥನನ್ನೂ ಹಿಂಸಿಸಿದವರ ಮೇಲೆ ತಾನೇ ಸಾಕ್ಷಿ ಹೇಳುತ್ತೇನೆ ಅನ್ನುತ್ತಾನೆ. ಧರ್ಮೋಪದೇಶಕಾಂಡದ 14ನೆಯ ಅಧ್ಯಾಯದ ಪ್ರಕಾರ ಮೂರನೆಯ ವರ್ಷದ ದಶಮಾಂಶವನ್ನು ಊರಲ್ಲೇ ಕೂಡಿಡಬೇಕು. ಭೂಮಿ ಇಲ್ಲದ ಲೇವಿಯ, ಪರದೇಶಿ, ಅನಾಥ, ವಿಧವೆ ಬಂದು ಹೊಟ್ಟೆ ತುಂಬ ಉಣ್ಣಬೇಕು. ಹೀಗೆ ಉಣ್ಣಬೇಕಾದ ವಿಧವೆಯಿಂದಲೇ ದಶಮಾಂಶ ವಸೂಲಿ ಮಾಡುವ ಶಾಸ್ತ್ರವನ್ನು ಯಾವ ಮೋಶೆ ಬರೆದ?

ಇಂಗ್ಲಿಷಿನಲ್ಲಿ ಸ್ಟೀವರ್ಡ್‌ಶಿಪ್ ಅನ್ನುವುದಕ್ಕೆ ಕನ್ನಡ ಬೈಬಲ್ಲಿನಲ್ಲಿ ಒಳ್ಳೆ ಮಾತಿದೆ, ಮನೆವಾರ್ತೆ. ಮನೆವಾರ್ತೆಯವನು ಅಂದರೆ ಧಣಿಯಲ್ಲ, ಧಣಿಯ ಆಸ್ತಿ ನೋಡಿಕೊಳ್ಳುವ ಪಾರುಪತ್ಯಗಾರ. ಎಷ್ಟೋ ಸಲ ಅವನೂ ಆ ಮನೆಯ ಗುಲಾಮನೇ. ಲೂಕ 16ರಲ್ಲಿ ಧಣಿ ಅವನನ್ನು ಕರೆಸಿ ಕೇಳುವುದು ಕಾಣಿಕೆಯನ್ನಲ್ಲ, ಲೆಕ್ಕವನ್ನು. ನಮ್ಮ ಪ್ರಸಂಗಗಳು ಇದನ್ನು ತಿರುಗಾಮುರುಗಾ ಮಾಡಿವೆ. ಕೂಲಿ ಮಾಡಿ ಹತ್ತು ರೂಪಾಯಿ ಉಳಿಸಿದವಳು ಮನೆವಾರ್ತೆಯವಳಂತೆ, ಅವಳು ದೇವರಿಗೆ ಲೆಕ್ಕ ಕೊಡಬೇಕಂತೆ. ಶಾಲೆ, ಆಸ್ಪತ್ರೆ, ತೋಟ, ಊರ ನಡುವಿನ ಸೈಟುಗಳ ಕಾಗದಪತ್ರ ಬೀರುವಿನಲ್ಲಿಟ್ಟು ಬೀಗದಕೈ ಸೊಂಟಕ್ಕೆ ಸಿಕ್ಕಿಸಿಕೊಂಡವರು ಮಾತ್ರ ದೇವರ ಸೇವಕರು! ಅವರ ಲೆಕ್ಕ ಕೇಳಿದರೆ ನಂಬಿಕೆ ಸಾಲದು ಅನ್ನುತ್ತಾರೆ.

ಹಾಗಾದರೆ ಬಡವರು ಕೊಡಲೇಬಾರದೆ? ನಮ್ಮ ಮಾತು ಅದಲ್ಲ. ಸಭೆ ತನ್ನ ಕಾಲ ಮೇಲೆ ತಾನು ನಿಲ್ಲಬೇಕು, ತನ್ನನ್ನು ತಾನೇ ಆಳಿಕೊಳ್ಳಬೇಕು, ತಾನೇ ಬೆಳೆಯಬೇಕು ಎಂದು 19ನೆಯ ಶತಮಾನದಲ್ಲಿ ಮಿಶನ್ ಮುಖಂಡ ಹೆನ್ರಿ ವೆನ್ ಹೇಳಿದ. 1912ರಲ್ಲಿ ದೋರ್ನಕಲ್‌ನ ಬಿಷಪ್ಪರಾದ ವಿ.ಎಸ್. ಅಜರಯ್ಯ, ಆಂಗ್ಲಿಕನ್ ಸಭೆಯ ಮೊದಲ ಭಾರತೀಯ ಬಿಷಪ್ಪರು, ಈ ಮಾತನ್ನು ಮಾಲ ಮಾದಿಗರ ನಡುವೆ ನಡೆಸಲು ನೋಡಿದರು. ಆಗ ಅದು ನಮ್ಮ ಬೀದರ, ರಾಯಚೂರುಗಳಿದ್ದ ನಿಜಾಮರ ಸಂಸ್ಥಾನವೇ. ಕ್ರೈಸ್ತರ ಕೊಡುವಿಕೆ ಕುರಿತು ಅವರು ಪುಸ್ತಕವನ್ನೂ ಬರೆದರು. ಮಿಜೋ ಬೆಟ್ಟಗಳ ಹೆಂಗಸರು 1910ರಿಂದ ಅಡಿಗೆಗೆ ಅಕ್ಕಿ ಅಳೆಯುವಾಗೆಲ್ಲ ಸಭೆಗೆಂದು ಒಂದು ಹಿಡಿ ಎತ್ತಿಡುತ್ತಾ ಬಂದರು. ತಲೆತಲಾಂತರ ಬೊಗಸೆ ಒಡ್ಡಿಯೇ ಬದುಕಬೇಕಾಗಿದ್ದವನು ಕೈ ಮಗುಚಿ ಕೊಡುವುದು ಸಣ್ಣ ಸಂಗತಿಯಲ್ಲ. ಅದರಲ್ಲಿ ಮಾನವಿದೆ. ಆದರೆ ವೆನ್ ಹೇಳಿದ ಮೂರರಲ್ಲಿ ಎರಡನೆಯದು ಏನಾಯಿತು? ಕಾಲ ಮೇಲೆ ನಿಲ್ಲುವ ಭಾರ ಕೇರಿಗೆ ಬಂತು, ಆಳಿಕೊಳ್ಳುವ ಅಧಿಕಾರ ಕಾಂಪೌಂಡಿನೊಳಗೇ ಉಳಿಯಿತು. ಹಲವು ಸಭೆಗಳಲ್ಲಿ ಚಂದಾ ಬಾಕಿ ಇದ್ದವನಿಗೆ ಸಭೆಯ ಚುನಾವಣೆಯಲ್ಲಿ ಓಟಿಲ್ಲ. ಬರಗಾಲದ ವರ್ಷ ಯಾರ ಓಟು ಹೋಗುತ್ತದೆ ಎಂಬುದನ್ನು ಓದುಗರೇ ಯೋಚಿಸಲಿ.

ಸುಗ್ಗಿ ಹಬ್ಬದ ಹರಾಜು ನೋಡಿದವರಿಗೆ ಈ ಮಾತು ಇನ್ನೂ ಬೇಗ ಹಿಡಿಸುತ್ತದೆ. ಒಬ್ಬಾಕೆ ಹಿತ್ತಲ ಕುಂಬಳಕಾಯಿ ತಂದು ಇಡುತ್ತಾಳೆ. ಅದನ್ನು ಪೇಟೆಯ ನೌಕರಿಯವರು ಜಿದ್ದಿಗೆ ಬಿದ್ದು ಸಾವಿರಕ್ಕೆ ಕೂಗುತ್ತಾರೆ. ಮೈಕಿನಲ್ಲಿ ಬರುವುದು ಕೂಗಿದವನ ಹೆಸರು, ಬೆಳೆದವಳದಲ್ಲ.

ಈಗ ಈ ಪ್ರಸಂಗದ ದನಿ ಏರಿರುವುದಕ್ಕೆ ಕಾರಣವೂ ಇದೆ. 2020ರಲ್ಲಿ ವಿದೇಶಿ ವಂತಿಗೆ ಕಾಯ್ದೆಗೆ ತಿದ್ದುಪಡಿ ಬಂದು, ಹೊರಗಿನ ಹಣ ಪಡೆದ ಸಂಸ್ಥೆ ಅದನ್ನು ಇನ್ನೊಂದಕ್ಕೆ ದಾಟಿಸುವಂತಿಲ್ಲವೆಂದಾಯಿತು. ಆಡಳಿತದ ಖರ್ಚಿನ ಮಿತಿ ನೂರಕ್ಕೆ 50ರಿಂದ 20ಕ್ಕೆ ಇಳಿಯಿತು. ದೊಡ್ಡವರ ಮೂಲಕ ಸಣ್ಣವರಿಗೆ ಬರುತ್ತಿದ್ದ ದಾರಿ ಮುಚ್ಚಿತು. ಇನ್ನೊಂದು ಕಡೆ, 1950ರ ರಾಷ್ಟ್ರಪತಿ ಆದೇಶ ದಲಿತ ಕ್ರೈಸ್ತರನ್ನು ಪರಿಶಿಷ್ಟ ಜಾತಿಯ ಪಟ್ಟಿಯಿಂದ ಹೊರಗಿಟ್ಟಿತು. 1956ರಲ್ಲಿ ಸಿಖ್ಖರು, 1990ರಲ್ಲಿ ಬೌದ್ಧರು ಒಳಗೆ ಬಂದರು, ಇವರಿಗೆ ಬಾಗಿಲು ತೆರೆಯಲಿಲ್ಲ. ಸರ್ಕಾರ 'ನೀನು ಕ್ರೈಸ್ತ' ಅಂದಿತು, ಸ್ಮಶಾನ 'ನೀನು ಹೊಲೆಯ' ಅಂದಿತು, ಸಭೆ 'ನೀನು ಮನೆವಾರ್ತೆಯವನು, ಕೊಡು' ಅಂದಿತು. ಆ ಸಭೆಯ ಶಾಲೆಯಲ್ಲಿ ಇವನ ಮಗಳಿಗೆ ಸೀಟು ಸಿಕ್ಕಿತೇ, ಫೀಜು ಬಿಟ್ಟರೇ ಎಂಬುದು ಯಾವ ಪ್ರಸಂಗದಲ್ಲೂ ಬರುವುದಿಲ್ಲ.

ನಮ್ಮ ನೆಲದಲ್ಲಿ ಕೊಡುವಿಕೆಗೆ ಬೇರೊಂದು ಪಾಠವೂ ಇದೆ. 12ನೆಯ ಶತಮಾನದ ಆಯ್ದಕ್ಕಿ ಮಾರಯ್ಯ ಚೆಲ್ಲಿದ ಅಕ್ಕಿ ಆಯ್ದು ತಂದು ದಾಸೋಹ ಮಾಡುತ್ತಿದ್ದ. ಒಂದು ದಿನ ಹೆಚ್ಚು ತಂದಾಗ ಹೆಂಡತಿ ಲಕ್ಕಮ್ಮ, ಇಷ್ಟು ಯಾಕೆ, ಎಲ್ಲಿಂದ ಎಂದು ಕೇಳಿ, ಹೆಚ್ಚಿನದನ್ನು ಅಲ್ಲೇ ಸುರಿದು ಬರಲು ವಾಪಸು ಅಟ್ಟಿದಳು. ಬಡವಿಯೇ ಲೆಕ್ಕಪರಿಶೋಧಕಿ! ಲಕ್ಕಮ್ಮನನ್ನು ಈವತ್ತು ನಮ್ಮ ಮಠಗಳೂ ಒಳಗೆ ಬಿಟ್ಟುಕೊಳ್ಳುವುದಿಲ್ಲ, ಆ ಮಾತು ಬೇರೆ.

ಬೈಬಲ್ಲಿನಲ್ಲೂ ಆ ಪಾಠ ಇಲ್ಲದಿಲ್ಲ. ಪೌಲ ಕೊರಿಂಥದವರಿಗೆ ಬರೆದ ಎರಡನೆಯ ಪತ್ರದ 8ನೆಯ ಅಧ್ಯಾಯದಲ್ಲಿ, ಇದ್ದದ್ದರಲ್ಲಿ ಕೊಡಿ, ಇಲ್ಲದ್ದರಲ್ಲಿ ಅಲ್ಲ, ಬೇರೆಯವರಿಗೆ ಹಗುರ ನಿಮಗೆ ಭಾರ ಆಗುವುದು ಬೇಡ, ಸಮಾನತೆ ಇರಲಿ ಎಂಬರ್ಥದಲ್ಲಿ ಹೇಳುತ್ತಾನೆ. ಹಣ ಒಯ್ಯಲು ತಾನೊಬ್ಬನೇ ಹೋಗದೆ, ಯಾರೂ ಬೆರಳು ತೋರಿಸದಂತೆ ಜೊತೆಗೆ ಬೇರೆಯವರನ್ನೂ ಇಟ್ಟುಕೊಳ್ಳುತ್ತಾನೆ. ಅಪೊಸ್ತಲರ ಕೃತ್ಯಗಳ 6ನೆಯ ಅಧ್ಯಾಯದಲ್ಲಿ ಗ್ರೀಕ್ ಮಾತಾಡುವವರು, ದಿನದ ಊಟದ ಹಂಚಿಕೆಯಲ್ಲಿ ನಮ್ಮ ವಿಧವೆಯರನ್ನು ಬಿಡುತ್ತಿದ್ದಾರೆ ಎಂದು ಗಲಾಟೆ ಎಬ್ಬಿಸಿದರು. ನಂಬಿಕೆ ಸಾಲದು ಅಂತ ಯಾರೂ ಅವರ ಬಾಯಿ ಮುಚ್ಚಿಸಲಿಲ್ಲ. ಸಭೆ ಕರೆದು ಹಂಚಿಕೆಗೆ ಏಳು ಜನರನ್ನು ಆರಿಸಿದರು. ಸ್ತೆಫನ, ಫಿಲಿಪ್ಪ, ಪ್ರೊಖೋರ, ನಿಕನೋರ, ತಿಮೋನ, ಪರ್ಮೇನ, ನಿಕೊಲಾಯ. ಏಳೂ ಗ್ರೀಕ್ ಹೆಸರುಗಳೇ. ನಿಮ್ಮ ಊರ ಸಭೆಯ ಹಣಕಾಸು ಸಮಿತಿಯ ಪಟ್ಟಿಯನ್ನು ಇದರ ಪಕ್ಕ ಇಟ್ಟು ಒಮ್ಮೆ ಓದಿ ನೋಡಿ.