ಸಂಗ್ರಹವೂ ರಸಗ್ರಹಣವೂ

ಕಾವ್ಯಕ್ಕೆ ವಿಮರ್ಶಕರುಂಟು, ನಾಟಕಕ್ಕೂ ಚಿತ್ರಕ್ಕೂ ಉಂಟು, ಕಚೇರಿಯ ಗಾಯನಕ್ಕೂ ಮರುದಿನವೇ ಗುಣದೋಷಗಳನ್ನು ಎತ್ತಿ ಆಡುವ ರಸಿಕರುಂಟು. ಆದರೆ ಗಾನವು ಕಪ್ಪು ತಟ್ಟೆಯೊಂದರಲ್ಲಿ ಅಚ್ಚಾಗಿ, ಬಹುಕಾಲ ಪೆಟ್ಟಿಗೆಯಲ್ಲಿ ಮಲಗಿ, ಮತ್ತೆ ಯಾರದೋ ಕೈಸೇರಿದಾಗ ಅದನ್ನು ಕುರಿತು ನಡೆಯುವ ಮಾತು ಬೇರೊಂದು ಬಗೆಯದಾಗುವದು. ಅದು ಎಷ್ಟು ಹಳೆಯದು, ಎಷ್ಟು ವಿರಳವಾದದ್ದು, ಎಷ್ಟು ಹಣಕ್ಕೆ ಸಿಕ್ಕಿತು ಎಂಬ ಪ್ರಶ್ನೆಗಳು ಮೊದಲು ಬರುವವು. ಅದರಲ್ಲಿಯ ಸಂಗೀತವು ಹೇಗಿದೆಯೆಂಬ ಪ್ರಶ್ನೆಯು ಕೊನೆಗೆ ಬಂದರೆ ಬಂದೀತು. ನಾಣ್ಯಗಳನ್ನು ಕೂಡಿಡುವವನಿಗೆ ಈ ಕ್ರಮವು ಸಾಕು. ಕೇಳುವದಕ್ಕೆಂದೇ ಹುಟ್ಟಿದ ವಸ್ತುವಿಗೆ ಸಾಲದು. ಹಳೆಯ ಮುದ್ರಿಕೆಯ ಯೋಗ್ಯತೆಯನ್ನು ಯಾವ ಅಳತೆಯಿಂದ ಅಳೆಯಬೇಕು, ಅಳೆದ ಮೇಲೆ ಅದು ಯಾರ ಸೊತ್ತು ಎಂಬೀ ಎರಡು ವಿಷಯಗಳೂ ಇಂದು ವಿಚಾರಾರ್ಹವಾಗಿವೆ.

ಬೀದರದ ಮನೆತನಗಳಿಗೆ ಈ ತಟ್ಟೆಯ ಕೌಶಲವನ್ನು ತಿಳಿಸುವದು ಕಷ್ಟವಲ್ಲ. ಸತುವಿಗೆ ತುಸು ತಾಮ್ರ ಬೆರಸಿ ಎರಕ ಹೊಯ್ದ ಪಾತ್ರೆಯ ಮೇಲೆ ಬಿದರಿಯ ಕುಶಲಕರ್ಮಿಯು ಉಳಿಯಿಂದ ಗೆರೆಗಳನ್ನು ಕೊರೆಯುವನು. ಗೆರೆಯಲ್ಲಿ ಬೆಳ್ಳಿಯನ್ನು ಕೂಡಿಸಿ, ಕೋಟೆಯ ಮಣ್ಣಿನಿಂದ ಮೈಗೆ ಕಪ್ಪೇರಿಸುವನು. ಗ್ರಾಮಫೋನಿನ ತಟ್ಟೆಗೂ ಕಪ್ಪು ಮೈ, ಕೊರೆದ ಗೆರೆ. ಆದರೆ ಆ ಗೆರೆಯಲ್ಲಿ ಕೂತಿರುವದು ಬೆಳ್ಳಿಯಲ್ಲ, ಮನುಷ್ಯನ ಉಸಿರು. ತಟ್ಟೆಯ ಮೈಗೆ ಬೇಕಾದ ಅರಗು ಭಾರತದ ಮರಗಳಿಂದಲೇ ಹೊರದೇಶಕ್ಕೆ ಹೋಗುತ್ತಿದ್ದಿತು. ೧೯೦೨ನೆಯ ಇಸವಿಯ ನವೆಂಬರದಲ್ಲಿ ಲಂಡನ್ನಿನ ಗ್ರಾಮಫೋನ್ ಕಂಪನಿಯ ಫ್ರೆಡ್ ಗೈಸ್‌ಬರ್ಗನು ಕಲ್ಕತ್ತೆಗೆ ಬಂದು ಗೌಹರ್ ಜಾನಳ ಗಾಯನವನ್ನು ಮುದ್ರಿಸಿಕೊಂಡನು. ಆ ಮೂಲಪ್ರತಿಗಳು ಜರ್ಮನಿಯ ಹ್ಯಾನೋವರಿಗೆ ಹೋಗಿ, ಅಲ್ಲಿ ತಟ್ಟೆಗಳಾಗಿ, ಮತ್ತೆ ಹಡಗಿನಲ್ಲಿ ಮರಳಬೇಕಾಗಿದ್ದಿತು. ಆದುದರಿಂದ ಆಕೆಯು ಹಾಡು ಮುಗಿದೊಡನೆ ತನ್ನ ಹೆಸರನ್ನು ಇಂಗ್ಲೀಷಿನಲ್ಲಿ ತಾನೇ ಸಾರುತ್ತಿದ್ದಳು. ಭಾಷೆಯನ್ನರಿಯದ ಕೆಲಸಗಾರರು ಒಬ್ಬರ ತಟ್ಟೆಗೆ ಇನ್ನೊಬ್ಬರ ಚೀಟಿಯನ್ನು ಅಂಟಿಸಬಾರದೆಂಬದು ಅದರ ಉದ್ದೇಶವು. ೧೯೦೮ರಲ್ಲಿ ಕಲ್ಕತ್ತೆಯಲ್ಲಿಯೇ ತಟ್ಟೆಗಳ ಕಾರ್ಖಾನೆಯು ಆರಂಭವಾಯಿತು. ಗೌಹರ್ ಜಾನಳು ಕಡೆಯ ದಿನಗಳನ್ನು ಮೈಸೂರಿನಲ್ಲಿ ಕಳೆದು ೧೯೩೦ರ ಜನವರಿಯಲ್ಲಿ ಅಲ್ಲಿಯೇ ತೀರಿಕೊಂಡಳು. ಹಾಡಿದವರ ಹೆಸರು ಹಾಡಿನೊಡನೆಯೇ ಉಳಿಯಬೇಕೆಂಬ ಮೊದಲನೆಯ ನಿಯಮವನ್ನು ಆಕೆಯೇ ಹಾಕಿಕೊಟ್ಟಳೆನ್ನಬಹುದು.

ಆ ಕಾಲದ ತಟ್ಟೆಯ ಒಂದು ಮಗ್ಗುಲಿಗೆ ಹಿಡಿಯುತ್ತಿದ್ದುದು ಮೂರು ಮೂರೂವರೆ ನಿಮಿಷದ ಗಾನವು ಮಾತ್ರ. ತಾಸುಗಟ್ಟಲೆ ಬೆಳೆಯುವ ಖ್ಯಾಲನ್ನು ಅಷ್ಟರಲ್ಲಿ ಅಡಗಿಸುವದು ಹೊಳೆಯನ್ನು ತಂಬಿಗೆಯಲ್ಲಿ ತುಂಬಿದಂತೆಂದು ಹಲವರು ಜರೆದರು. ಮಾತು ಸುಳ್ಳಲ್ಲ. ಆದರೆ ತಂಬಿಗೆಯ ನೀರೂ ಬಾಯಾರಿದವನ ದಾಹವನ್ನು ತಣಿಸುವದು. ಗದಗಿನಲ್ಲಿ ಬೆಳೆಯುತ್ತಿದ್ದ ಬಾಲಕ ಭೀಮಸೇನ ಜೋಶಿಯವರು ಅಂಗಡಿಯಲ್ಲಿ ನುಡಿಯುತ್ತಿದ್ದ ಅಬ್ದುಲ್ ಕರೀಮಖಾನರ ತಟ್ಟೆಯನ್ನು ಕೇಳಿ ಮೋಹಿತರಾದದ್ದೂ, ೧೯೩೩ರಲ್ಲಿ, ಹನ್ನೊಂದರ ವಯಸ್ಸಿನಲ್ಲಿ, ಗುರುವನ್ನರಸಿ ಮನೆಬಿಟ್ಟದ್ದೂ ಕನ್ನಡಿಗರೆಲ್ಲ ಬಲ್ಲ ಸಂಗತಿ. ಇದರಲ್ಲಿ ಲಕ್ಷಿಸತಕ್ಕದ್ದೇನೆಂದರೆ, ಆ ತಟ್ಟೆಯು ಆ ಬಾಲಕನ ಸೊತ್ತಾಗಿರಲಿಲ್ಲ; ಬೀದಿಯಲ್ಲಿ ನಿಂತವರ ಕಿವಿಗೂ ಬೀಳುವಂತೆ ನುಡಿಯುತ್ತಿದ್ದಿತು. ಅದೇ ತಟ್ಟೆಯು ಶ್ರೀಮಂತನೊಬ್ಬನ ಕಪಾಟಿನಲ್ಲಿ ಬೀಗದೊಳಗೆ ಇದ್ದಿದ್ದರೆ ನಾಡಿಗೆ ಒಬ್ಬ ಗಾಯಕನ ನಷ್ಟವಾಗುತ್ತಿದ್ದಿತೋ ಏನೋ.

ಶ್ರೀಮಂತರ ಸಂಗ್ರಹಗಳೆಲ್ಲ ವ್ಯರ್ಥವೆಂದು ಇದರಿಂದ ತಿಳಿಯಬಾರದು. ಮೈಸೂರಿನ ಜಯಚಾಮರಾಜ ಒಡೆಯರು ಪಾಶ್ಚಾತ್ಯ ಸಂಗೀತದ ತಟ್ಟೆಗಳನ್ನು ಅಪಾರವಾಗಿ ಕೂಡಿಸಿದ್ದರು. ಬೇಕಾದದ್ದು ಪೇಟೆಯಲ್ಲಿ ಸಿಕ್ಕದಿದ್ದಾಗ ಅವರು ಅದನ್ನು ಹುಟ್ಟಿಸಿದರು. ರಶಿಯದಲ್ಲಿ ಹುಟ್ಟಿ, ಮುಪ್ಪಿನಲ್ಲಿ ಲಂಡನ್ನಿನಲ್ಲಿ ನೆಲೆಸಿದ್ದ ನಿಕೊಲಾಯ್ ಮೆಟ್ನರನ ಕೃತಿಗಳು ಜಗತ್ತಿನ ಲಕ್ಷ್ಯದಿಂದ ಜಾರುತ್ತಿದ್ದವು. ೧೯೪೦ರ ದಶಕದ ಕೊನೆಯಲ್ಲಿ ಒಡೆಯರ ಧನಸಹಾಯದಿಂದ ಆತನು ತನ್ನ ಕೃತಿಗಳನ್ನು ತಾನೇ ಪಿಯಾನೋದಲ್ಲಿ ನುಡಿಸಿ ಮುದ್ರಿಸುವ ಏರ್ಪಾಡಾಯಿತು; ಮೆಟ್ನರ್ ಸೊಸೈಟಿಯ ಹೆಸರಿನಲ್ಲಿ ಆ ಮುದ್ರಿಕೆಗಳು ಜಗತ್ತಿಗೆ ದೊರೆತವು. ತನ್ನ ಮೂರನೆಯ ಪಿಯಾನೋ ಕನ್ಚರ್ಟೋವನ್ನು ಆತನು ಒಡೆಯರಿಗೆ ಅರ್ಪಿಸಿದನು. ೧೯೫೧ರಲ್ಲಿ ಆತನು ತೀರಿಕೊಂಡಾಗ ಆತನ ಕೈಯ ಸೊಗಸು ತಟ್ಟೆಗಳಲ್ಲಿ ಉಳಿದಿದ್ದಿತು. ೧೯೫೦ರ ಮೇ ೨೨ರಂದು ಲಂಡನ್ನಿನಲ್ಲಿ ರಿಚರ್ಡ್ ಸ್ಟ್ರಾಸನ ಕಡೆಯ ನಾಲ್ಕು ಗೀತಗಳ ಮೊದಲ ಪ್ರಯೋಗವು ನಡೆದಾಗಲೂ, ಅದರ ಮುದ್ರಣವು ಮೈಸೂರಿಗೆ ಬರಲೆಂದು ಒಡೆಯರು ಹಣದ ಹೊಣೆ ಹೊತ್ತಿದ್ದರು. ಒಬ್ಬರ ಸಂಗ್ರಹಕ್ಕಾಗಿ ಹಿಡಿದಿಟ್ಟ ಆ ನಾದವನ್ನು ಇಂದು ಯಾವ ದೇಶದವರೂ ಕೇಳಬಹುದಾಗಿದೆ. ಸಂಗ್ರಾಹಕನಿಗೆ ಇದಕ್ಕಿಂತ ಹಿರಿದಾದ ಕೀರ್ತಿಯಿಲ್ಲ.

ಇಲ್ಲಿಯವರೆಗಿನ ಮಾತು ಕಂಠದ್ದೂ ಪಿಯಾನೋವಿನದೂ ಆಯಿತು. ಸಂಗ್ರಾಹಕರ ಒಲವು ಈಚೆಗೆ ಬೇರೊಂದು ಕಡೆಗೂ ಹರಿದಿದೆ: ಮಾತಿಲ್ಲದೆ ಬರಿಯ ವಾದ್ಯದಲ್ಲಿ ನುಡಿಸಿದ ಸಿನೆಮಾ ರಾಗಗಳು, ವಿದ್ಯುತ್ತಿನಿಂದಲೇ ನಾದವನ್ನು ಹುಟ್ಟಿಸುವ ಸಿಂಥಸೈಜರಿನ ಮೊದಮೊದಲ ಮುದ್ರಿಕೆಗಳು, ಇವುಗಳನ್ನು ಹುಡುಕುವವರು ದೇಶದೇಶಗಳಲ್ಲಿ ಹೆಚ್ಚಿದ್ದಾರೆ. ಈ ಬಗೆಯ ಭಾರತೀಯ ಮುದ್ರಿಕೆಗಳಲ್ಲಿ ಎಲ್ಲಕ್ಕಿಂತ ಹೆಚ್ಚು ಹೆಸರು ಪಡೆದದ್ದು ಮುಂಬಯಿಯ ಚರಣಜಿತ್ ಸಿಂಗರದು. ಅವರು ಹಿಂದೀ ಚಿತ್ರಗಳ ವಾದ್ಯವೃಂದದಲ್ಲಿ ಗಿಟಾರು ಮೊದಲಾದವನ್ನು ನುಡಿಸುತ್ತಿದ್ದ ಅನುಭವಿಗಳು. ೧೯೮೨ರಲ್ಲಿ ಅವರು ಜಪಾನದ ರೋಲ್ಯಾಂಡ್ ಕಂಪನಿಯ ಮೂರು ಯಂತ್ರಗಳಿಂದ, ಎಂದರೆ ಸ್ವರಕ್ಕೆ ಒಂದು, ಮಂದ್ರದ ಪಲ್ಲವಿಗೆ ಒಂದು, ತಾಳಕ್ಕೆ ಒಂದು, ಹೀಗೆ ಹತ್ತು ರಾಗಗಳನ್ನು ಡಿಸ್ಕೋ ಲಯದಲ್ಲಿ ನುಡಿಸಿ ಮುದ್ರಿಸಿದರು. ಭೈರವ, ಲಲಿತ, ಭೂಪಾಲಿ, ತೋಡಿ, ಯಮನ್, ಮಾಲಕಂಸ ಮೊದಲಾದವು ಅದರಲ್ಲಿವೆ. ಅಂದು ಅದನ್ನು ಕೊಂಡವರು ವಿರಳ. ೨೦೦೨ರಲ್ಲಿ ಎಡೋ ಬೌಮನ್ ಎಂಬ ಡಚ್ ಸಂಗ್ರಾಹಕನಿಗೆ ಅದು ದಿಲ್ಲಿಯಲ್ಲಿ ಸಿಕ್ಕಿತು. ಆತನು ಅದನ್ನು ೨೦೧೦ರಲ್ಲಿ ಮರುಮುದ್ರಿಸಿದನು. ೧೯೮೭ರಲ್ಲಿ ಅಮೇರಿಕದ ಶಿಕಾಗೋ ನಗರದಿಂದ ಹೊರಟು ಕುಣಿತದ ಕೂಟಗಳನ್ನೆಲ್ಲ ಆಳಿದ ‘ಆಸಿಡ್ ಹೌಸ್’ ಎಂಬ ಸಂಗೀತದ ನಾದವು ಐದು ವರ್ಷ ಮೊದಲೇ ಮುಂಬಯಿಯಲ್ಲಿ ಕೇಳಿಬಂದಿದ್ದಿತೆಂದು ರಸಿಕರು ಬೆರಗಾದರು. ಎರಡಕ್ಕೂ ಮಂದ್ರಸ್ವರದ ಯಂತ್ರವು ಒಂದೇ. ೨೦೧೫ರಲ್ಲಿ ಸಿಂಗರು ತೀರಿಕೊಳ್ಳುವ ಮುನ್ನ, ಅವರ ಇಳಿವಯಸ್ಸಿನಲ್ಲಿ, ಈ ಕೀರ್ತಿಯು ಅವರನ್ನು ಬಂದು ಸೇರಿತು.

ಈ ಮುದ್ರಿಕೆಯ ಬಗೆಗೆ ಎರಡು ತೀರ್ಪುಗಳು ಪ್ರಚಾರದಲ್ಲಿವೆ. ಇದು ಎಲ್ಲಕ್ಕಿಂತ ಮೊದಲಿನದು, ಆದುದರಿಂದ ಮಹತ್ತಾದದ್ದು ಎಂಬದೊಂದು. ಇದು ಯಂತ್ರದ ಸದ್ದು, ಆದುದರಿಂದ ರಾಗವೇ ಅಲ್ಲವೆಂಬದು ಇನ್ನೊಂದು. ಎರಡೂ ಕೇಳದೆಯೆ ಕೊಟ್ಟ ತೀರ್ಪುಗಳು. ಮೊದಲು ಬಂದದ್ದೆಂಬದು ಕಾಲಗಣನೆಯ ಮಾತು, ರಸದ ಮಾತಲ್ಲ. ಶಿಕಾಗೋದ ಯುವಕರು ಮುಂಬಯಿಯ ತಟ್ಟೆಯನ್ನು ಕೇಳಿ ಕಲಿತವರಲ್ಲ. ಒಂದೇ ಯಂತ್ರವು ಎರಡು ಊರುಗಳಲ್ಲಿ ಎರಡು ಬಗೆಯ ಕೈಗಳಿಗೆ ಸಿಕ್ಕಿ ಹೋಲುವ ನಾದವನ್ನು ಕೊಟ್ಟಿತು. ಹೀಗಿರಲು ಸಿಂಗರ ಕೃತಿಯನ್ನು ಅದರ ಅನಂತರದ ಶಿಕಾಗೋ ಸಂಗೀತದಿಂದ ಅಳೆಯುವದು, ತಂದೆಯನ್ನು ಯಾರದೋ ಮಗನಿಂದ ಗುರುತಿಸಿದಂತಾಗುವದು. ಅವರು ರಾಗಗಳನ್ನು ನುಡಿಸಹೊರಟರು; ರಾಗದ ಅಳತೆಯಿಂದಲೇ ಅವರನ್ನು ಅಳೆಯುವದು ಗೌರವದ ಮಾರ್ಗವು.

ಆ ಅಳತೆಯಲ್ಲಿ ದೊರೆಯುವ ಫಲವು ಮಿಶ್ರವಾದದ್ದು. ಭೈರವದ ಪ್ರಾಣವು ಅದರ ಕೋಮಲ ರಿಷಭ ಧೈವತಗಳ ಆಂದೋಲನದಲ್ಲಿದೆ. ತೋಡಿಯದು ಇಳಿದು ನಿಂತ ಗಾಂಧಾರದಲ್ಲಿ. ಹನ್ನೆರಡು ಸಮಭಾಗಗಳಾಗಿ ಕೊಯ್ದಿಟ್ಟ ಯಂತ್ರದ ಮನೆಗಳಲ್ಲಿ ಈ ಸೂಕ್ಷ್ಮವು ನಿಲ್ಲದು. ಸ್ವರದಿಂದ ಸ್ವರಕ್ಕೆ ಯಂತ್ರವು ಜಾರುವದುಂಟು; ಆದರೆ ಜಾರಿದ್ದೆಲ್ಲ ಮೀಂಡವಲ್ಲ. ಮೀಂಡದಲ್ಲಿ ಹೊರಟ ಸ್ವರಕ್ಕೆ ಸೇರುವ ಸ್ವರದ ಹಂಬಲವಿರುವದು. ತಾಳದಲ್ಲಿಯ ಕೊರತೆಯು ಇನ್ನೂ ಹೆಚ್ಚಿನದು. ನಮ್ಮ ತಾಳದಲ್ಲಿ ಸಮವೆಂಬದು ಊರಿಗೆ ಮರಳಿದ ಸಂತೋಷ. ಗಾಯಕನು ಎಲ್ಲಿಯೋ ತಿರುಗಿ ಸಮಕ್ಕೆ ಬಂದಾಗ ಸಭೆಯೆಲ್ಲ ತಲೆದೂಗುವದು. ಡಿಸ್ಕೋದ ಲಯದಲ್ಲಿ ಪ್ರತಿಯೊಂದು ಪೆಟ್ಟಿಗೂ ಸಮಾನವಾದ ತೂಕ. ಊರನ್ನೇ ಬಿಡದವನಿಗೆ ಮರಳುವ ಸುಖವೆಲ್ಲಿಯದು?

ಆದರೆ ಗುಣದ ಪಕ್ಷವೂ ದುರ್ಬಲವಾಗಿಲ್ಲ. ಭೂಪಾಲಿ, ಮಾಲಕಂಸಗಳಂಥ ಐದೇ ಸ್ವರದ ರಾಗಗಳಲ್ಲಿ ಚಲನೆಯೇ ರೂಪವನ್ನು ಕೊಡುವದರಿಂದ ಅವು ಇಲ್ಲಿ ಕೆಡದೆ ಉಳಿದಿವೆ. ಮಂದ್ರದಲ್ಲಿ ಎಡೆಬಿಡದೆ ಸುತ್ತುವ ಸ್ವರಪಂಕ್ತಿಯು ತಂಬೂರಿಯ ಕೆಲಸವನ್ನು ಬೇರೊಂದು ರೀತಿಯಿಂದ ಮಾಡುವದು. ಮೇಲಿನ ಸ್ವರಗಳು ಅದರ ಮೇಲೆ ತೇಲಿದಾಗ ಕಿವಿಗೆ ಹೊಸದಾದೊಂದು ಬೆಡಗು ತೋರುವದು. ಸಿಂಗರ ಬೆರಳು ರಾಗದ ಮೇರೆಯನ್ನು ಮೀರುವದಿಲ್ಲ. ಚಮತ್ಕಾರಕ್ಕಾಗಿ ಸಲ್ಲದ ಸ್ವರವನ್ನು ಕರೆಯುವದಿಲ್ಲ. ಒಟ್ಟಿನಲ್ಲಿ ಇದು ದೊಡ್ಡ ರಾಗವಿಸ್ತಾರವಲ್ಲ. ನುರಿತ ವಾದಕನೊಬ್ಬನು ಹೊಸ ಯಂತ್ರವನ್ನು ಹಳೆಯ ವಿದ್ಯೆಯ ಒರೆಗೆ ಹಚ್ಚಿದ ಪ್ರಾಮಾಣಿಕವಾದ ಪ್ರಯೋಗ. ಇಷ್ಟನ್ನು ಹೇಳಲು ಶಿಕಾಗೋವಿನ ಸಾಕ್ಷಿಯು ಬೇಕಾಗಿಲ್ಲ.

ವಿದ್ಯುತ್ತೆಂದರೆ ಮೂಗುಮುರಿಯುವವರು ತಮ್ಮ ಮನೆಯನ್ನೊಮ್ಮೆ ನೋಡಿಕೊಳ್ಳುವದು ಒಳ್ಳೆಯದು. ಎಂಜಿನಿಯರರೂ ಕೊಳಲುವಾದಕರೂ ಆದ ಬೆಂಗಳೂರಿನ ಜಿ. ರಾಜ್ ನಾರಾಯಣರು ೧೯೭೦ರ ದಶಕದಲ್ಲಿ ವಿದ್ಯುತ್ ಶ್ರುತಿಪೆಟ್ಟಿಗೆಯನ್ನು ನಿರ್ಮಿಸಿದರು; ಅದರ ಬೆನ್ನಿಗೆ ವಿದ್ಯುತ್ ತಂಬೂರಿಯೂ ಬಂದಿತು. ಇಂದು ಸಂಗೀತವನ್ನು ಕಲಿಯುವ ಮನೆಗಳಲ್ಲಿ ಗುಂಡಿಯೊತ್ತಿ ಶ್ರುತಿ ಹಿಡಿಯುವದು ವಾಡಿಕೆಯ ಮಾತು. ಶ್ರುತಿಯನ್ನು ಹಿಡಿದು ಕೊಡುವವರೆಗೆ ಯಂತ್ರವು ಶುದ್ಧವಾದದ್ದು, ಸ್ವರವನ್ನು ನುಡಿದೊಡನೆ ಅಶುದ್ಧವಾದದ್ದು ಎಂಬ ಮಡಿಯು ನಿಲ್ಲತಕ್ಕದ್ದಲ್ಲ. ಕೇಳತಕ್ಕದ್ದು ಒಂದೇ: ಯಂತ್ರವು ರಾಗಕ್ಕೆ ಸೇವಕನಾಗಿದೆಯೋ, ರಾಗವನ್ನೇ ತನ್ನ ಸೇವಕನನ್ನಾಗಿ ಮಾಡಿಕೊಂಡಿದೆಯೋ?

ಇನ್ನು ಸೊತ್ತಿನ ಪ್ರಶ್ನೆ. ಕಾಯಿದೆಯ ಉತ್ತರವು ಸ್ಪಷ್ಟವಾಗಿದೆ. ೧೯೫೭ರ ಕೃತಿಸ್ವಾಮ್ಯದ ಕಾಯಿದೆಯ ಪ್ರಕಾರ ಭಾರತದಲ್ಲಿ ಧ್ವನಿಮುದ್ರಿಕೆಯ ಹಕ್ಕು ಪ್ರಕಟನೆಯ ಮರುವರ್ಷದಿಂದ ೬೦ ವರ್ಷಗಳದು. ಗೌಹರ್ ಜಾನಳ ಮುದ್ರಿಕೆಗಳು ಎಂದೋ ಎಲ್ಲರವೂ ಆದವು. ಸಿಂಗರ ಹತ್ತು ರಾಗಗಳು ಇನ್ನೂ ಹಕ್ಕಿನೊಳಗಿವೆ. ಆದರೆ ಕಾಯಿದೆಯು ಬಿಟ್ಟುಕೊಟ್ಟದ್ದನ್ನೂ ಕೊಡದೆ ಇಟ್ಟುಕೊಳ್ಳುವ ಸಂಗ್ರಾಹಕರುಂಟು. ಹತ್ತು ಜನಕ್ಕೆ ಕೇಳಿಸಿದರೆ ವಿರಳತೆಯು ಕೆಡುವದೆಂದು ಅವರ ಅಂಜಿಕೆ. ಇದಕ್ಕೆ ಇದಿರಾದ ಮಾರ್ಗವನ್ನು ಹಿಡಿದವರೂ ಉಂಟು. ೧೯೯೦ರಲ್ಲಿ ಮುಂಬಯಿಯಲ್ಲಿ ಹುಟ್ಟಿದ ಭಾರತೀಯ ಮುದ್ರಿಕಾ ಸಂಗ್ರಾಹಕರ ಸಂಘವು ಕೂಡಿ ಕೇಳುವ ಸಭೆಗಳನ್ನು ನಡೆಸಿ, ತಟ್ಟೆಗಳ ವಿವರಗಳನ್ನು ತನ್ನ ಪತ್ರಿಕೆಯಲ್ಲಿ ಪ್ರಕಟಿಸಿತು. ಗೌಹರ್ ಜಾನಳ ಚರಿತ್ರೆಯನ್ನು ಬರೆದ ವಿಕ್ರಮ್ ಸಂಪತ್ತರು ಬೆಂಗಳೂರಿನಲ್ಲಿ ಸ್ಥಾಪಿಸಿದ ಭಾರತೀಯ ಸಂಗೀತದ ಭಾಂಡಾರವು ಹಳೆಯ ತಟ್ಟೆಗಳ ನಾದವನ್ನು ಹೊಸ ಸಾಧನಗಳಿಗೆ ಇಳಿಸಿ ಎಲ್ಲರಿಗೂ ಕೇಳಗೊಟ್ಟಿತು. ಅರಗಿನ ತಟ್ಟೆಯು ಕೈಜಾರಿದರೆ ಒಡೆಯುವದು, ಬಿಸಿಲಿಗೆ ಬಾಗುವದು. ಉಕ್ಕಿನ ಸೂಜಿಯು ಪ್ರತಿಯೊಂದು ಸಲವೂ ಗೆರೆಯನ್ನು ತುಸು ಸವೆಸುವದು. ಒಂದೇ ಪ್ರತಿಯನ್ನು ಬಚ್ಚಿಟ್ಟವನು ಅದನ್ನು ಕಾಪಾಡುವದಿಲ್ಲ. ನಾಶದ ದಿನವನ್ನು ಮಾತ್ರ ಮುಂದೂಡುವನು.

ಬೀದರದ ಮಗ್ಗುಲಲ್ಲಿರುವ ನೌಬಾದದ ಕಾರೇಜು ಈ ಮಾತಿಗೆ ತಕ್ಕ ದೃಷ್ಟಾಂತವು. ಹದಿನೈದನೆಯ ಶತಮಾನದಲ್ಲಿ, ಬಹಮನಿಗಳ ಕಾಲಕ್ಕೆ, ನೆಲದಡಿಯಲ್ಲಿ ಕಾಲುವೆ ಕೊರೆದು, ಅಲ್ಲಲ್ಲಿ ಬಾವಿಯಂಥ ಕಂಡಿಗಳನ್ನು ಬಿಟ್ಟು, ನೀರನ್ನು ಊರಿಗೆ ಹರಿಸಿದರು. ಮುಂದೆ ಕಂಡಿಗಳು ಮುಚ್ಚಿ, ಹೂಳು ತುಂಬಿ, ನೀರಿದ್ದೂ ಇಲ್ಲದಂತಾಯಿತು. ೨೦೧೦ರ ದಶಕದಲ್ಲಿ ಹೂಳು ತೆಗೆದ ಮೇಲೆಯೇ ಹಿರಿಯರ ಆ ವಿದ್ಯೆಯು ಮತ್ತೆ ಜನರ ಕಣ್ಣಿಗೆ ಬಿದ್ದಿತು. ಬೀದರ, ಭಾಲ್ಕಿ, ಔರಾದದ ಮನೆಗಳ ಅಟ್ಟದ ಮೇಲೆ ತಟ್ಟೆಗಳೇನಾದರೂ ಉಳಿದಿದ್ದರೆ ಅವುಗಳ ಸ್ಥಿತಿಯೂ ಹೂಳಿನೊಳಗಿನ ನೀರಿನದೇ. ಹಾಡಿದವರ ಹೆಸರು, ಚೀಟಿಯ ಮೇಲಿನ ಅಂಕಿ, ರಾಗ, ಭಾಷೆ, ಇಷ್ಟನ್ನು ಬರೆದಿಟ್ಟು, ನಾದವನ್ನು ಇನ್ನೊಂದು ಪ್ರತಿಗೆ ಇಳಿಸಿ, ನೆರೆಹೊರೆಯವರೊಡನೆ ಕೂತು ಕೇಳುವದು ಮೊದಲನೆಯ ಕೆಲಸ. ಒಳ್ಳೆಯದನ್ನು ಒಳ್ಳೆಯದೆಂದೂ ಸಾಧಾರಣವಾದದ್ದನ್ನು ಸಾಧಾರಣವೆಂದೂ ಅಂಜದೆ ಹೇಳುವದು ಎರಡನೆಯದು. ದಿಲ್ಲಿಯ ತಟ್ಟೆಯೊಂದನ್ನು ಪರದೇಶದ ರಸಿಕನು ಬಂದು ಎತ್ತಿದ್ದು ಆತನ ಪುಣ್ಯ. ಎಂಟು ಸಾಲದೆ ಇಪ್ಪತ್ತು ವರ್ಷ ಅದನ್ನು ಯಾರೂ ಎತ್ತದೆ ಬಿಟ್ಟದ್ದು ಈ ದೇಶದ ಕಿವಿಯ ಕೊರತೆ. ಸಂಗ್ರಹವು ರಸಗ್ರಹಣಕ್ಕೆ ಸಾಧನವೇ ಹೊರತು ಅದಕ್ಕೆ ಬದಲಾಗಲಾರದು.