ವೋಲ್ಟೇಜ್ ಹೆಚ್ಚಿದರೆ ಮೋಟಾರಿನ ನಷ್ಟ ತಗ್ಗುವುದೇ?

‘ವೋಲ್ಟೇಜ್ ಹೆಚ್ಚಿಸಿದರೆ ಪ್ರವಾಹ ಕಡಿಮೆಯಾಗುತ್ತದೆ, ಆದ್ದರಿಂದ ಶಾಖನಷ್ಟವೂ ತಗ್ಗುತ್ತದೆ.’ ನಾವು ತರಗತಿಯಲ್ಲಿ ಹೇಳಿಕೊಡುವ ಈ ಮಾತು ಸಾಗಣೆ ತಂತಿಯ ಮಟ್ಟಿಗೆ ಸರಿ. 1902ರಲ್ಲಿ ಶಿವನಸಮುದ್ರದಿಂದ ಸುಮಾರು 147 ಕಿ.ಮೀ. ದೂರದ ಕೋಲಾರದ ಚಿನ್ನದ ಗಣಿಗಳಿಗೆ ವಿದ್ಯುತ್ತನ್ನು ಒಯ್ದದ್ದು ಈ ತತ್ತ್ವದ ಮೇಲೆಯೇ. ಆದರೆ ‘ಹೆಚ್ಚು ವೋಲ್ಟೇಜಿನ ಮೋಟಾರಿನೊಳಗೂ ನಷ್ಟ ಕಡಿಮೆ’ ಎಂದು ಬರೆದ ವಿದ್ಯಾರ್ಥಿಗೂ ನಾವು ಪೂರ್ಣ ಅಂಕ ಕೊಡುತ್ತೇವೆ. ನಾನೂ ಕೊಟ್ಟಿದ್ದೇನೆ. ಅದು ತಪ್ಪು.

ನೀವೇ ಲೆಕ್ಕ ಹಾಕಿ ನೋಡಿ. ಒಂದು ಮೋಟಾರನ್ನು ಇಮ್ಮಡಿ ವೋಲ್ಟೇಜಿಗೆ ಮರುಸುತ್ತಬೇಕೆನ್ನಿ. ಸುತ್ತುಗಳ ಸಂಖ್ಯೆ ಎರಡರಷ್ಟಾಗಬೇಕು. ಅವೆಲ್ಲ ಅದೇ ಸ್ಲಾಟಿನಲ್ಲಿ ಹಿಡಿಸಬೇಕಾದ್ದರಿಂದ ತಂತಿಯ ಅಡ್ಡಕೊಯ್ತದ ವಿಸ್ತೀರ್ಣ ಅರ್ಧವಾಗುತ್ತದೆ. ಉದ್ದ ಎರಡರಷ್ಟು, ವಿಸ್ತೀರ್ಣ ಅರ್ಧ. ಹಾಗಾಗಿ ರೋಧ ನಾಲ್ಕು ಪಟ್ಟು. ಪ್ರವಾಹ ಅರ್ಧವಾದರೆ ಅದರ ವರ್ಗ ಕಾಲುಭಾಗ. ಗುಣಿಸಿದರೆ ನಷ್ಟ ಮೊದಲಿನಷ್ಟೇ! ಸಾಲದ್ದಕ್ಕೆ, ಹೆಚ್ಚಿನ ವೋಲ್ಟೇಜಿಗೆ ದಪ್ಪನೆಯ ಅವಾಹಕ ಹೊದಿಕೆ ಬೇಕು. ಅದು ತಾಮ್ರದ ಜಾಗವನ್ನು ಕಬಳಿಸುವುದರಿಂದ ನಷ್ಟ ತುಸು ಏರಲೂಬಹುದು.

ಹಾಗಿದ್ದರೂ ದೊಡ್ಡ ಮೋಟಾರುಗಳಿಗೆ ಹೆಚ್ಚು ವೋಲ್ಟೇಜ್ ಏಕೆ? ಉತ್ತರ ಇರುವುದು ಮೋಟಾರಿನ ಹೊರಗೆ. ದಕ್ಷತೆ 0.94, ಪವರ್ ಫ್ಯಾಕ್ಟರ್ 0.86 ಇರುವ 200 ಕಿಲೋವಾಟ್ ಮೋಟಾರು 415 ವೋಲ್ಟಿನಲ್ಲಿ ಸುಮಾರು 344 ಆಂಪಿಯರ್ ಎಳೆಯುತ್ತದೆ. ನೇರವಾಗಿ ಚಾಲೂ ಮಾಡುವಾಗ ಇದರ ಆರು ಪಟ್ಟು, ಅಂದರೆ 2000 ಆಂಪಿಯರಿಗೂ ಮಿಕ್ಕಿ ಹರಿಯಬಹುದು. ಆಗ ಉದ್ದನೆಯ ಕೇಬಲಿನಲ್ಲಿ ವೋಲ್ಟೇಜ್ ಕುಸಿಯುತ್ತದೆ. ಇಂಡಕ್ಷನ್ ಮೋಟಾರಿನ ಟಾರ್ಕ್ ವೋಲ್ಟೇಜಿನ ವರ್ಗಕ್ಕೆ ಅನುಪಾತದಲ್ಲಿರುವುದರಿಂದ, ಶೇಕಡ 20ರಷ್ಟು ಕುಸಿತಕ್ಕೆ ಟಾರ್ಕ್ ಶೇಕಡ 64ಕ್ಕೆ ಇಳಿಯುತ್ತದೆ. ಭಾರದ ಯಂತ್ರ ಮೇಲೇಳದೆ ನಿಲ್ಲಬಹುದು. 3300 ವೋಲ್ಟಿನಲ್ಲಾದರೆ ಪೂರ್ಣ ಹೊರೆಯ ಪ್ರವಾಹ ಬರೀ 43 ಆಂಪಿಯರ್. ಕೇಬಲು ಸಣ್ಣದಾಗುತ್ತದೆ; ಆದರೆ ಸ್ವಿಚ್‌ಗೇರ್ ದುಬಾರಿಯಾಗುತ್ತದೆ, ನಿರ್ವಹಣೆಗೆ ವಿಶೇಷ ತರಬೇತಿ ಬೇಕಾಗುತ್ತದೆ.

ಈ ಲಾಭನಷ್ಟಗಳನ್ನು ತೂಗಿಯೇ ನಮ್ಮಲ್ಲಿ ಸಾಮಾನ್ಯವಾಗಿ 200 ಕಿಲೋವಾಟ್ ಆಸುಪಾಸಿನವರೆಗೆ 415 ವೋಲ್ಟ್, ಅದಕ್ಕೂ ಮೇಲೆ 3.3 ಅಥವಾ 6.6 ಕಿಲೋವೋಲ್ಟ್, ಹಲವು ಮೆಗಾವಾಟಿಗೆ 11 ಕಿಲೋವೋಲ್ಟ್ ಬಳಸುತ್ತಾರೆ. ಈ ಗಡಿಗಳು ನಿಸರ್ಗನಿಯಮಗಳಲ್ಲ. ಆವೃತ್ತಿಯನ್ನು ಬದಲಿಸುವ ಡ್ರೈವ್‌ಗಳು ಆರಂಭದ ಪ್ರವಾಹವನ್ನು ಹತೋಟಿಯಲ್ಲಿಡುವುದರಿಂದ, 690 ವೋಲ್ಟಿನಲ್ಲೇ ನೂರಾರು ಕಿಲೋವಾಟಿನ ಮೋಟಾರುಗಳು ಓಡುತ್ತವೆ.

ಮುಂದಿನ ಪರೀಕ್ಷೆಯಲ್ಲಿ ‘ನಷ್ಟ ಏಕೆ ಕಡಿಮೆ?’ ಎಂದಷ್ಟೇ ಕೇಳಬೇಡಿ. ‘ಎಲ್ಲಿ ಕಡಿಮೆ?’ ಎಂದೂ ಕೇಳಿ. ಸೂತ್ರವನ್ನು ಬಾಯಿಪಾಠ ಮಾಡಿದವರಾರು, ಅರ್ಥ ಮಾಡಿಕೊಂಡವರಾರು ಎಂಬುದು ಆಗ ತಿಳಿಯುತ್ತದೆ.