ಎರಿ ಬಯಲಿನಲ್ಲಿ ದಿಕ್ಕು
ನವಲಗುಂದ, ಅಣ್ಣಿಗೇರಿ ಕಡೆಯ ಎರಿ ಹೊಲಗಳಲ್ಲಿ ಗುರುತಿಗೊಂದು ಗಿಡ ಸಿಗುವುದೂ ಅಪರೂಪ. ಅಂಥಲ್ಲಿ ದಿಕ್ಕು ಹಿಡಿದು ನಡೆಯುವ ರೈತರ ಜಾಣ್ಮೆ ನನಗೆ ಬಲು ಮೆಚ್ಚು. ಮುಂಗಾರಿನ ಗಾಳಿ ಪಡುವಣದ್ದು, ಹಿಂಗಾರಿ ಜೋಳ ನಿಂತಾಗಿನ ಚಳಿಗಾಳಿ ಮೂಡಣದ್ದು. ಬೆಣ್ಣೆಹಳ್ಳ ಎದುರಾದರೆ, ಅದರ ನೀರು ಒಟ್ಟಿನಲ್ಲಿ ಬಡಗಣಕ್ಕೆ, ಮಲಪ್ರಭೆಯತ್ತ.

ನೆರಳಿನ ಮಾತೇ ಬೇರೆ. ಮಧ್ಯಾಹ್ನದ ನೆರಳು ಉತ್ತರಕ್ಕೆ ಎಂಬ ನಿಯಮ ಯುರೋಪಿನಲ್ಲಿ ವರ್ಷವಿಡೀ ಸರಿ. ಸುಮಾರು 15.5 ಡಿಗ್ರಿ ಅಕ್ಷಾಂಶದ ಈ ನೆಲದಲ್ಲಿ ಮೇ ಮೊದಲ ವಾರದಿಂದ ಆಗಸ್ಟ್ ಎರಡನೇ ವಾರದವರೆಗೆ ಸೂರ್ಯ ನೆತ್ತಿಯ ಬಡಗಣಕ್ಕೆ ಸರಿಯುತ್ತಾನೆ. ನಡುಹಗಲ ನೆರಳು ತೆಂಕಣಕ್ಕೆ ಬೀಳುತ್ತದೆ!

ಇರುಳಲ್ಲಿ ಧ್ರುವ ನಕ್ಷತ್ರ, ಚಾಚಿದ ಕೈಯ ಅಳತೆಯಲ್ಲಿ, ಬಾನಂಚಿನಿಂದ ಒಂದೂವರೆ ಮುಷ್ಟಿ ಮೇಲೆ. ಕಲಘಟಗಿಯ ಕಾಡಂಚಿನಲ್ಲಿ ಅದು ಮರಗಳ ಹಿಂದೆ ಮರೆಯಾದೀತು. ಈ ಬಯಲಿನಲ್ಲಿ ಮೋಡವೊಂದೇ ಅಡ್ಡಿ.